ಮಗುವಿನ ಕಣ್ಣಿನಲ್ಲಿ ನರರೋಗದ ಸುಳಿವು

ಮಗುವಿನ ಕಣ್ಣಿನಲ್ಲಿ ಏನಾದರೂ ವ್ಯತ್ಯಾಸ ಕಂಡರೆ ತಂದೆ-ತಾಯಿಯರಿಗೆ ಮೊದಲು ನೆನಪಾಗುವುದು ಕನ್ನಡಕ. ಬೋರ್ಡಿನ ಮೇಲಿನ ಅಕ್ಷರ ಕಾಣದಿದ್ದರೆ ಕನ್ನಡಕ, ಕಣ್ಣು ಕೆಂಪಾದರೆ ಎರಡು ಹನಿ ಔಷಧಿ, ಕಣ್ಣು ಮೆಳ್ಳೆಯಾದರೆ ‘ಬೆಳೆದಂತೆ ಸರಿಹೋಗುತ್ತದೆ ಬಿಡಿ’ ಎಂಬ ಹಿರಿಯರ ಸಮಾಧಾನ. ಬಹುಪಾಲು ಮಕ್ಕಳಲ್ಲಿ ತೊಂದರೆ ಕಣ್ಣಿನದೇ ಆಗಿರುತ್ತದೆ, ಕಣ್ಣಿನ ವೈದ್ಯರು ಅದನ್ನು ಸರಿಪಡಿಸುತ್ತಾರೆ. ಆದರೆ ಕೆಲವೇ ಕೆಲವು ಮಕ್ಕಳಲ್ಲಿ ಅದು ಮೆದುಳಿನಲ್ಲಿ, ನರಗಳಲ್ಲಿ ಬೇರೂರುತ್ತಿರುವ ಆನುವಂಶಿಕ ರೋಗದ ಸುಳಿವಾಗಿರುತ್ತದೆ.

ಇಂಥ ರೋಗಗಳು ಅಪರೂಪ. ಹಾಗಿದ್ದ ಮೇಲೆ ಎಲ್ಲರೂ ಏಕೆ ತಿಳಿದುಕೊಳ್ಳಬೇಕು ಎಂದು ನೀವು ಕೇಳಬಹುದು. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ ಎಂಬುದೇ ಉತ್ತರ. ಆ ಚಿಕಿತ್ಸೆ ಎಷ್ಟು ಫಲ ಕೊಡುತ್ತದೆ ಎಂಬುದು, ರೋಗವನ್ನು ಎಷ್ಟು ಬೇಗ ಗುರುತಿಸಿದೆವು ಎಂಬುದರ ಮೇಲೆ ನಿಂತಿದೆ. ಮೆದುಳಿನ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಿ ಬರುವುದಿಲ್ಲ.

ಕಣ್ಣಿಗೂ ಮೆದುಳಿಗೂ ಇರುವ ನಂಟು

ಗರ್ಭದಲ್ಲಿ ಮಗು ರೂಪುಗೊಳ್ಳುವಾಗ ಕಣ್ಣಿನ ಹಿಂಭಾಗದ ಅಕ್ಷಿಪಟಲ ಮೆದುಳಿನಿಂದಲೇ ಚಿಗುರಿ ಹೊರಬರುತ್ತದೆ. ಅಂದರೆ ಅಕ್ಷಿಪಟಲ ಮೆದುಳಿನದೇ ಒಂದು ಭಾಗ. ಪಾಪೆಯ ಮೂಲಕ ಬೆಳಕು ಬಿಟ್ಟು ನೋಡಿದರೆ, ದೇಹವನ್ನು ಕೊಯ್ಯದೆಯೇ ನರದ ತುದಿಯನ್ನು ವೈದ್ಯರು ಕಣ್ಣಾರೆ ಕಾಣಬಹುದು.

ಇಷ್ಟೇ ಅಲ್ಲ. ಮೆದುಳಿನ ಭಾಗದಿಂದ ಹೊರಡುವ 12 ಜೊತೆ ನರಗಳಲ್ಲಿ 6 ಜೊತೆಗೆ ಕಣ್ಣಿನ ಕೆಲಸವಿದೆ. ಒಂದು ನೋಟಕ್ಕೆ, ಮೂರು ಕಣ್ಣುಗುಡ್ಡೆಯನ್ನು ತಿರುಗಿಸುವುದಕ್ಕೆ, ಉಳಿದೆರಡು ಕಣ್ಣಿನ ಸ್ಪರ್ಶಜ್ಞಾನಕ್ಕೆ ಮತ್ತು ರೆಪ್ಪೆ ಮುಚ್ಚುವುದಕ್ಕೆ. ಪ್ರತಿ ಕಣ್ಣುಗುಡ್ಡೆಯನ್ನು ತಿರುಗಿಸುವ 6 ಸ್ನಾಯುಗಳು ಮೆದುಳಿನ ಆಜ್ಞೆಯಂತೆ ಒಟ್ಟಾಗಿ ದುಡಿಯುತ್ತವೆ. ಹೀಗಾಗಿ ಮೆದುಳಿನಲ್ಲಿ ತೊಂದರೆಯಾದಾಗ ಕಣ್ಣಿನ ಬಣ್ಣದಲ್ಲಾಗಲಿ, ಚಲನೆಯಲ್ಲಾಗಲಿ, ನೋಟದಲ್ಲಾಗಲಿ ವ್ಯತ್ಯಾಸ ಕಾಣಿಸಿಕೊಳ್ಳುವುದು ಸಹಜ.

‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲವಲ್ಲ’

ಆನುವಂಶಿಕ ರೋಗ ಎಂದ ಕೂಡಲೇ ತಂದೆ-ತಾಯಿ ಹೇಳುವ ಮಾತು ಇದು. ಅವರ ಮಾತು ನಿಜವೇ. ಆದರೂ ರೋಗ ಬರಬಹುದು.

ನಮ್ಮ ಪ್ರತಿಯೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಜೋಡಿ ವಂಶವಾಹಿಗಳು ಬರುತ್ತವೆ. ಕೆಳಗೆ ಹೇಳುವ ರೋಗಗಳಲ್ಲಿ ಜೋಡಿಯ ಒಂದು ವಂಶವಾಹಿ ಕೆಟ್ಟಿದ್ದರೆ ರೋಗ ಬರುವುದಿಲ್ಲ, ಇನ್ನೊಂದು ಕೆಲಸವನ್ನು ತೂಗಿಸಿಕೊಂಡು ಹೋಗುತ್ತದೆ. ಅಂಥವರು ಕೇವಲ ವಾಹಕರು. ತಂದೆ-ತಾಯಿ ಇಬ್ಬರೂ ಒಂದೇ ದೋಷದ ವಾಹಕರಾಗಿದ್ದರೆ ಮಾತ್ರ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಸೇರಬಹುದು. ಅದರ ಸಂಭವ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು. ‘ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ’ ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿದಂತೆ.

ನಮ್ಮ ನಾಡಿನಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇನ್ನೂ ಇದೆ. ಸೋದರಮಾವ ಮತ್ತು ಸೊಸೆಯಲ್ಲಿ ಸರಾಸರಿ ನಾಲ್ಕನೇ ಒಂದು ಪಾಲು, ಅತ್ತೆ-ಮಾವನ ಮಕ್ಕಳಲ್ಲಿ ಎಂಟನೇ ಒಂದು ಪಾಲು ವಂಶವಾಹಿಗಳು ಸಮಾನವಾಗಿರುತ್ತವೆ. ಆದ್ದರಿಂದ ಇಬ್ಬರಲ್ಲೂ ಒಂದೇ ದೋಷವಿರುವ ಸಾಧ್ಯತೆ ಹೆಚ್ಚು. ಇಲ್ಲಿ ತಾಯಿಯ ಪಾಲೆಷ್ಟೋ ತಂದೆಯ ಪಾಲೂ ಅಷ್ಟೇ. ಸೊಸೆಯ ಕಾಲ್ಗುಣವನ್ನಾಗಲಿ, ಗ್ರಹಣವನ್ನಾಗಲಿ, ಯಾರದೋ ಕೆಟ್ಟ ದೃಷ್ಟಿಯನ್ನಾಗಲಿ ದೂರುವುದರಲ್ಲಿ ಅರ್ಥವಿಲ್ಲ.

ಕಪ್ಪುಗುಡ್ಡೆಯ ಅಂಚಿನ ತಾಮ್ರದ ಉಂಗುರ

ಇವುಗಳಲ್ಲಿ ಮೊದಲು ತಿಳಿಯಬೇಕಾದದ್ದು ವಿಲ್ಸನ್ ಕಾಯಿಲೆ. ಏಕೆಂದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ನಾವು ತಿನ್ನುವ ಆಹಾರದಲ್ಲಿ ಅಲ್ಪಸ್ವಲ್ಪ ತಾಮ್ರ ಇರುತ್ತದೆ. ಬೇಡವಾದುದನ್ನು ಲಿವರ್ ಪಿತ್ತರಸದ ಮೂಲಕ ಹೊರಹಾಕುತ್ತದೆ. ವಿಲ್ಸನ್ ಕಾಯಿಲೆಯಲ್ಲಿ ಈ ಬಾಗಿಲು ಮುಚ್ಚಿರುತ್ತದೆ. ತಾಮ್ರ ಮೊದಲು ಲಿವರಿನಲ್ಲಿ, ಆಮೇಲೆ ಮೆದುಳಿನಲ್ಲಿ ಮತ್ತು ಕಣ್ಣಿನಲ್ಲಿ ಶೇಖರವಾಗುತ್ತದೆ. ಲಂಡನ್ನಿನ ನರವೈದ್ಯ ಕಿನ್ನಿಯರ್ ವಿಲ್ಸನ್ 1912ರಲ್ಲಿ ಇದನ್ನು ವಿವರಿಸಿದ. ಅದಕ್ಕೂ ಹತ್ತು ವರ್ಷ ಮುಂಚೆಯೇ, 1902 ಮತ್ತು 1903ರಲ್ಲಿ, ಕೈಸರ್ ಮತ್ತು ಫ್ಲೈಷರ್ ಎಂಬ ಜರ್ಮನಿಯ ಕಣ್ಣಿನ ವೈದ್ಯರು ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಬಣ್ಣದ ಉಂಗುರವನ್ನು ಕಂಡಿದ್ದರು. ಕಾರ್ನಿಯಾದ ಒಳಪದರದಲ್ಲಿ ಕೂತ ತಾಮ್ರವೇ ಆ ಉಂಗುರ.

ಸಾಮಾನ್ಯವಾಗಿ ಐದು ವರ್ಷ ದಾಟಿದ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ರೋಗ ತಲೆ ಹಾಕುತ್ತದೆ. ಕೆಲವರಿಗೆ ಮೊದಲು ಕಾಮಾಲೆ. ಇನ್ನು ಕೆಲವರಲ್ಲಿ ಮುತ್ತಿನಂಥ ಅಕ್ಷರ ಕೆಡುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ, ಸ್ವಭಾವ ಬದಲಾಗುತ್ತದೆ. ಶಾಲೆಯಲ್ಲಿ ‘ಸೋಮಾರಿ’ ಎಂಬ ಬಿರುದು, ಮನೆಯಲ್ಲಿ ಏಟು. ನರಗಳ ತೊಂದರೆ ಶುರುವಾದ ಹೆಚ್ಚುಕಡಿಮೆ ಎಲ್ಲ ರೋಗಿಗಳಲ್ಲೂ ಉಂಗುರ ಇರುತ್ತದೆ. ಲಿವರ್ ತೊಂದರೆ ಮಾತ್ರ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕಾಣುತ್ತದೆ.

ಇಲ್ಲೊಂದು ತೊಡಕಿದೆ. ಈ ಉಂಗುರದಿಂದ ನೋಟಕ್ಕೆ ಏನೂ ಬಾಧೆಯಿಲ್ಲ. ಆದ್ದರಿಂದ ಮಗು ದೂರುವುದಿಲ್ಲ. ಮೇಲಾಗಿ ನಮ್ಮವರ ಕಣ್ಣು ಕಡುಕಂದು. ನೀಲಿ ಕಣ್ಣಿನಲ್ಲಿ ಎದ್ದು ಕಾಣುವ ಉಂಗುರ ನಮ್ಮ ಮಕ್ಕಳಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣದು. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಿಂದಲೇ ನೋಡಬೇಕು. ಜೊತೆಗೆ ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು, 24 ಗಂಟೆ ಶೇಖರಿಸಿದ ಮೂತ್ರದಲ್ಲಿ ತಾಮ್ರ, ಇವನ್ನು ಪರೀಕ್ಷಿಸುತ್ತಾರೆ.

1956ರಲ್ಲಿ ಬ್ರಿಟನ್ನಿನ ವೈದ್ಯ ಜಾನ್ ವಾಲ್ಷ್ ಪೆನಿಸಿಲಮೈನ್ ಎಂಬ ನುಂಗುವ ಔಷಧಿಯನ್ನು ಬಳಕೆಗೆ ತಂದರು. ಅದು ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆಳೆಯುತ್ತದೆ. ಸತುವಿನ ಔಷಧಿ ಕರುಳಿನಲ್ಲೇ ತಾಮ್ರವನ್ನು ತಡೆಯುತ್ತದೆ. ಬೇಗ ಶುರುಮಾಡಿದರೆ ಮಗು ಓದಿ, ದುಡಿದು, ಸಂಸಾರ ನಡೆಸಬಲ್ಲದು. ಉಂಗುರವೂ ಕ್ರಮೇಣ ಮಾಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳಲ್ಲಿ ತಾವು ಪರೀಕ್ಷಿಸಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಅಂದರೆ ಇದು ಪರದೇಶದ ಕಾಯಿಲೆಯಲ್ಲ, ನಮ್ಮ ನಡುವೆಯೇ ಇದೆ.

ಎರಡು ಎಚ್ಚರಿಕೆಗಳು. ಔಷಧಿ ಜೀವನಪರ್ಯಂತ ಬೇಕು. ‘ಈಗ ಚೆನ್ನಾಗಿದ್ದಾನಲ್ಲ’ ಎಂದು ನಿಲ್ಲಿಸಿದರೆ ಲಿವರ್ ಕೈಕೊಟ್ಟು ಪ್ರಾಣಕ್ಕೇ ಅಪಾಯ. ಎರಡನೆಯದು, ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಈ ರೋಗಿಗಳಿಗೆ ಅದು ಸಲ್ಲದು. ಪ್ರಾಣಿಗಳ ಲಿವರ್, ಏಡಿ ಮತ್ತು ಚಿಪ್ಪುಜೀವಿಗಳು, ಅಣಬೆ, ಗೋಡಂಬಿಯಂಥ ಬೀಜಗಳು, ಚಾಕೊಲೇಟು ಇವುಗಳಿಂದಲೂ ದೂರವಿರಬೇಕು.

ಕೆಂಪು ಕಣ್ಣು, ಆದರೆ ಕಣ್ಣು ಬೇನೆಯಲ್ಲ

ಕಣ್ಣು ಬೇನೆ ಬಂದರೆ ಪಿಸುರು ಇರುತ್ತದೆ, ನೀರು ಸುರಿಯುತ್ತದೆ, ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ. ಪಿಸುರಿಲ್ಲ, ನೋವಿಲ್ಲ, ಆದರೂ ಕಣ್ಣಿನ ಬಿಳಿಯ ಮೇಲೆ ಸಣ್ಣ ಕೆಂಪು ರಕ್ತನಾಳಗಳು ದಾರದಂತೆ ಎದ್ದು ತಿಂಗಳುಗಟ್ಟಲೆ ಹಾಗೇ ಇವೆ. ಮಗು ನಡೆಯಲು ಕಲಿತದ್ದು ಸರಿಯಾಗಿಯೇ ಇದ್ದು ಆಮೇಲೆ ತೂರಾಡತೊಡಗಿದೆ. ಪದೇಪದೇ ಕೆಮ್ಮು, ಕಫ, ಕಿವಿ ಸೋರುವುದು. ಈ ಮೂರೂ ಕೂಡಿದರೆ ಅಟಾಕ್ಸಿಯಾ ಟೆಲಂಜಿಯೆಕ್ಟೇಸಿಯಾ ಎಂಬ ರೋಗವನ್ನು ಶಂಕಿಸಬೇಕು.

ತೂರಾಟ ಮೊದಲು ಬಂದು, ಕಣ್ಣಿನ ಕೆಂಪು ಮೂರು ವರ್ಷ ದಾಟಿದ ಮೇಲೆ ಕಾಣಿಸಿಕೊಳ್ಳುವುದು ವಾಡಿಕೆ. ಪಕ್ಕಕ್ಕೆ ನೋಡಬೇಕಾದಾಗ ಇಂಥ ಮಗು ಕಣ್ಣನ್ನು ಥಟ್ಟನೆ ಹೊರಳಿಸಲಾರದೆ ತಲೆಯನ್ನೇ ಎಸೆದಂತೆ ತಿರುಗಿಸುತ್ತದೆ. ಸಾಲಿನಿಂದ ಸಾಲಿಗೆ ಕಣ್ಣು ಹಾಯಿಸಲಾಗದೆ ಓದು ಹಿಂದೆ ಬೀಳುತ್ತದೆ. ನೋಟ ಚೆನ್ನಾಗಿಯೇ ಇರುವುದರಿಂದ ಕನ್ನಡಕ ಇದನ್ನು ಸರಿಪಡಿಸದು.

ಇದನ್ನು ಗುಣಪಡಿಸುವ ಔಷಧಿ ಇಲ್ಲ. ಆದರೂ ರೋಗದ ಹೆಸರು ತಿಳಿಯುವುದರಿಂದ ದೊಡ್ಡ ಉಪಕಾರವಿದೆ. ಈ ಮಕ್ಕಳ ಜೀವಕೋಶಗಳಿಗೆ ವಿಕಿರಣದ ಪೆಟ್ಟನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ಇಲ್ಲ. ಆದ್ದರಿಂದ ಅನಗತ್ಯ ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ಬೇಡ, ಬೇಕಾದರೆ ಎಂ.ಆರ್.ಐ. ಮಾಡಿಸಬಹುದು. ರಕ್ತದ ಕ್ಯಾನ್ಸರಿನ ಬಗ್ಗೆ ಎಚ್ಚರದಿಂದಿರಬೇಕು. ವಾಹಕಳಾದ ತಾಯಿಗೆ ಸ್ತನ ಕ್ಯಾನ್ಸರಿನ ಸಂಭವ ಇತರರಿಗಿಂತ ಹೆಚ್ಚು, ಆಕೆಯೂ ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳಬೇಕು.

ಮೆಟ್ಟಿಲು ಇಳಿಯಲು ಹೆದರುವ ಮಗು

ನೀಮನ್-ಪಿಕ್ ಸಿ ಎಂಬ ರೋಗದಲ್ಲಿ ಕೊಲೆಸ್ಟರಾಲ್ ಮತ್ತಿತರ ಕೊಬ್ಬು ಜೀವಕೋಶಗಳ ಒಳಗೇ ಸಿಕ್ಕಿಬೀಳುತ್ತದೆ. ಹುಟ್ಟಿದಾಗ ಕಾಮಾಲೆ ಬಹಳ ದಿನ ಇತ್ತು, ಹೊಟ್ಟೆಯಲ್ಲಿ ಗುಲ್ಮ ದೊಡ್ಡದಾಗಿದೆ ಎಂಬ ಹಿಂದಿನ ಕಥೆ ಅನೇಕರಲ್ಲಿ ಇರುತ್ತದೆ. ಕಣ್ಣನ್ನು ಬೇಗನೆ ಮೇಲಕ್ಕೆ ಅಥವಾ ಕೆಳಕ್ಕೆ ಹೊರಳಿಸಲಾಗದಿರುವುದು ಇದರ ವಿಶೇಷ. ಮಗು ತಟ್ಟೆಯಲ್ಲಿರುವುದನ್ನು ನೋಡಲು ಇಡೀ ತಲೆಯನ್ನು ಬಗ್ಗಿಸುತ್ತದೆ. ಮೆಟ್ಟಿಲು ಇಳಿಯುವಾಗ ಎಡವುತ್ತದೆ. ಕೆಲವು ಮಕ್ಕಳು ಜೋರಾಗಿ ನಕ್ಕಾಗ ಕೈಕಾಲಿನ ಬಲ ಹೋಗಿ ಕುಸಿಯುತ್ತಾರೆ. ಇದನ್ನು ಫಿಟ್ಸ್ ಎಂದು ತಪ್ಪಾಗಿ ತಿಳಿಯುವುದುಂಟು.

ರೋಗದ ವೇಗ ತಗ್ಗಿಸುವ ಮಿಗ್ಲುಸ್ಟಾಟ್ ಎಂಬ ಔಷಧಿಗೆ ಯೂರೋಪಿನಲ್ಲಿ 2009ರಲ್ಲಿ ಮನ್ನಣೆ ದೊರೆಯಿತು. ಅಮೆರಿಕದಲ್ಲಿ 2024ರಲ್ಲಿ ಇನ್ನೆರಡು ಔಷಧಿಗಳಿಗೆ ಅನುಮತಿ ಸಿಕ್ಕಿದೆ.

ಎರಡೂ ಕಣ್ಣಿಗೆ ಪೊರೆ

ಪೊರೆ ಮುದುಕರ ಕಾಯಿಲೆ ಎಂದು ನಮ್ಮ ಎಣಿಕೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ, ಪೆಟ್ಟು ತಗಲದೆ, ಎರಡೂ ಕಣ್ಣಿಗೆ ಪೊರೆ ಬಂದರೆ ಆಪರೇಷನ್ ಮಾಡಿಸಿ ಕೈತೊಳೆದುಕೊಳ್ಳಬೇಡಿ, ಕಾರಣವನ್ನು ಕೇಳಿ. ಮಗುವಿಗೆ ಎಳೆತನದಿಂದಲೂ ಬಿಡದೆ ಭೇದಿಯಾಗುತ್ತಿದ್ದು, ಓದಿನಲ್ಲೂ ಹಿಂದಿದ್ದರೆ ಸೆರೆಬ್ರೊಟೆಂಡಿನಸ್ ಝ್ಯಾಂಥೊಮಟೋಸಿಸ್ ಎಂಬ ಉದ್ದ ಹೆಸರಿನ ರೋಗವಿರಬಹುದು. ಪಿತ್ತಾಮ್ಲ ಸರಿಯಾಗಿ ತಯಾರಾಗದೆ ಕೊಲೆಸ್ಟನಾಲ್ ಎಂಬ ಕೊಬ್ಬು ಮೆದುಳಿನಲ್ಲಿ, ಮಸೂರದಲ್ಲಿ, ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಸೇರುತ್ತದೆ. ಕೊರತೆಯಾದ ಪಿತ್ತಾಮ್ಲವನ್ನೇ ಔಷಧಿಯಾಗಿ ಕೊಟ್ಟರೆ ರೋಗ ಹತೋಟಿಗೆ ಬರುತ್ತದೆ. ನಡೆ ತಪ್ಪುವ ಮುನ್ನ ಶುರುಮಾಡಿದರೆ ಫಲ ಬಹಳ ಹೆಚ್ಚು.

ನೋಟವೇ ಕುಂದಿದಾಗ

ಇನ್ನೆರಡು ರೋಗಗಳು ನೇರವಾಗಿ ನೋಟವನ್ನೇ ಕಸಿಯುತ್ತವೆ.

ಟೇ-ಸ್ಯಾಕ್ಸ್ ರೋಗ ಹಸುಗೂಸುಗಳದು. ಮೂರರಿಂದ ಆರು ತಿಂಗಳ ಮಗು ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತದೆ. ಕಲಿತ ಆಟಪಾಟ ಮರೆಯುತ್ತದೆ, ತಾಯಿಯ ಮುಖ ನೋಡಿ ನಗುವುದನ್ನು ನಿಲ್ಲಿಸುತ್ತದೆ. 1881ರಲ್ಲಿ ವಾರೆನ್ ಟೇ ಎಂಬ ಇಂಗ್ಲಿಷ್ ವೈದ್ಯ ಇಂಥ ಮಗುವಿನ ಅಕ್ಷಿಪಟಲದ ನಡುವೆ ಚೆರಿಹಣ್ಣಿನಂಥ ಕೆಂಪು ಚುಕ್ಕೆಯನ್ನು ಕಂಡ. ಒಂದು ಕಿಣ್ವ ಇಲ್ಲದ್ದರಿಂದ ನರಕೋಶಗಳಲ್ಲಿ ಕೊಬ್ಬು ತುಂಬಿ ಸುತ್ತಲೂ ಬಿಳುಪಾಗುತ್ತದೆ. ನಡುವೆ ಆ ಕೋಶಗಳು ಇಲ್ಲದ್ದರಿಂದ ಹಿಂದಿನ ಕೆಂಪು ಹಾಗೇ ಕಾಣುತ್ತದೆ. ಇದೇ ಚುಕ್ಕೆ ಇನ್ನು ಕೆಲವು ರೋಗಗಳಲ್ಲೂ ಇರುವುದರಿಂದ ಕಿಣ್ವದ ಪರೀಕ್ಷೆ ಬೇಕೇ ಬೇಕು. ಚಿಕಿತ್ಸೆ ಇಲ್ಲ, ತಡೆಗಟ್ಟುವ ದಾರಿ ಇದೆ. ಅಮೆರಿಕ ಮತ್ತು ಕೆನಡಾದ ಯಹೂದಿ ಸಮುದಾಯದಲ್ಲಿ ಈ ರೋಗ ಹೆಚ್ಚಾಗಿತ್ತು. 1970ರ ದಶಕದಿಂದ ಅವರು ಸ್ವಇಚ್ಛೆಯಿಂದ ವಾಹಕರ ರಕ್ತಪರೀಕ್ಷೆ ನಡೆಸಿ ಇಂಥ ಮಕ್ಕಳ ಜನನವನ್ನು ಶೇಕಡಾ 90ಕ್ಕೂ ಹೆಚ್ಚು ತಗ್ಗಿಸಿದರು.

ಬ್ಯಾಟೆನ್ ರೋಗ ದೊಡ್ಡ ಮಕ್ಕಳದು. ನಾಲ್ಕರಿಂದ ಏಳು ವರ್ಷದೊಳಗೆ ನೋಟ ಮಂಜಾಗತೊಡಗಿ, ಕೆಲವೇ ವರ್ಷಗಳಲ್ಲಿ ಪೂರ್ತಿ ಕುಂದುತ್ತದೆ. ಫಿಟ್ಸ್, ಮರೆವು, ನಡಿಗೆಯ ತೊಂದರೆ ಆಮೇಲೆ ಬರುತ್ತವೆ. ಮಗು ನೋಡಬೇಕಾದ ವಸ್ತುವಿಗಿಂತ ತುಸು ಮೇಲಕ್ಕೆ ಕಣ್ಣಿಟ್ಟು ನೋಡುತ್ತದೆ. ನಡುವಿನ ನೋಟ ಹೋಗಿರುವುದರಿಂದ ಅಂಚಿನ ನೋಟವನ್ನು ಹೀಗೆ ಬಳಸಿಕೊಳ್ಳುತ್ತದೆ. ಪದೇಪದೇ ಕನ್ನಡಕದ ನಂಬರು ಬದಲಿಸಿದರೂ ಪ್ರಯೋಜನವಾಗುವುದಿಲ್ಲ. ಈ ಬಗೆಯಲ್ಲಿ ಸಾಧಾರಣ ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಬಿಳಿಯ ರಕ್ತಕಣಗಳಲ್ಲಿ ಗುಳ್ಳೆಗಳು ಕಂಡು ಸುಳಿವು ಸಿಗುತ್ತದೆ. ಎರಡರಿಂದ ನಾಲ್ಕು ವರ್ಷದಲ್ಲಿ ಫಿಟ್ಸ್‌ನೊಂದಿಗೆ ಶುರುವಾಗುವ ಇದರ ಇನ್ನೊಂದು ಬಗೆಗೆ, ಕಿಣ್ವವನ್ನು ಮೆದುಳಿನೊಳಕ್ಕೆ ಎರಡು ವಾರಕ್ಕೊಮ್ಮೆ ಹನಿಸುವ ಚಿಕಿತ್ಸೆ 2017ರಲ್ಲಿ ಬಂದಿದೆ. ಅದು ನಡಿಗೆ ಮತ್ತು ಮಾತು ಕಳೆದುಹೋಗುವುದನ್ನು ನಿಧಾನಿಸುತ್ತದೆ. ನೋಟವನ್ನು ಮಾತ್ರ ಉಳಿಸಲಾರದು.

ಮನೆಯಲ್ಲಿ ಏನು ಗಮನಿಸಬೇಕು?

ಇಷ್ಟೆಲ್ಲ ರೋಗಗಳ ಹೆಸರು ನೆನಪಿಡುವುದು ವೈದ್ಯರ ಕೆಲಸ. ನೀವು ಇಷ್ಟನ್ನು ಗಮನಿಸಿದರೆ ಸಾಕು.

1. ಮೂರು ತಿಂಗಳಾದರೂ ಮಗು ತಾಯಿಯ ಮುಖದ ಮೇಲೆ ದೃಷ್ಟಿ ನೆಡುತ್ತಿಲ್ಲವೇ? ಹಿಂದೆ ನೆಡುತ್ತಿದ್ದು ಈಗ ನಿಲ್ಲಿಸಿದೆಯೇ?

2. ಕಣ್ಣುಗುಡ್ಡೆ ಸದಾ ಅದುರುತ್ತಿದೆಯೇ? ಹೊಸದಾಗಿ ಮೆಳ್ಳೆಗಣ್ಣು ಬಂದಿದೆಯೇ?

3. ಕಣ್ಣು ತಿರುಗಿಸಬೇಕಾದಲ್ಲಿ ತಲೆಯನ್ನು ತಿರುಗಿಸುತ್ತಿದೆಯೇ?

4. ಮುಸ್ಸಂಜೆಯಲ್ಲಿ ತಡವರಿಸುತ್ತಿದೆಯೇ? ಗೊತ್ತಿರುವ ಮನೆಯಲ್ಲೇ ಎಡವುತ್ತಿದೆಯೇ?

5. ಪಾಪೆ ಬೆಳ್ಳಗೆ ಕಾಣುತ್ತಿದೆಯೇ?

6. ಇವುಗಳ ಜೊತೆಗೆ ಫಿಟ್ಸ್, ತೂರಾಟ, ಅಕ್ಷರ ಕೆಡುವುದು, ಮಾತು ತೊದಲುವುದು, ಕಲಿತದ್ದನ್ನು ಮರೆಯುವುದು ಇದೆಯೇ?

ಮೊದಲ ಐದರಲ್ಲಿ ಯಾವುದೊಂದು ಇದ್ದರೂ ಕಣ್ಣಿನ ವೈದ್ಯರಿಗೆ ತೋರಿಸಿ. ಮೆಳ್ಳೆಗಣ್ಣು ತಾನಾಗಿಯೇ ಸರಿಹೋಗಲಿ ಎಂದು ಕಾಯಬೇಡಿ. ಪಾಪೆ ಬೆಳ್ಳಗಿದ್ದರೆ ಒಂದು ದಿನವೂ ತಡಮಾಡಬಾರದು, ಅದು ಕಣ್ಣಿನ ಗಡ್ಡೆಯೂ ಆಗಿರಬಹುದು. ಆರನೆಯದೂ ಸೇರಿದ್ದರೆ ನರರೋಗ ತಜ್ಞರೂ ನೋಡಬೇಕು. ಕಣ್ಣಿನ ವೈದ್ಯರಿಗೆ ಕಣ್ಣಿನ ವಿಷಯ, ಮಕ್ಕಳ ವೈದ್ಯರಿಗೆ ಫಿಟ್ಸ್ ವಿಷಯ ಎಂದು ಹಂಚಿ ಹೇಳಬೇಡಿ. ಇಬ್ಬರಿಗೂ ಎಲ್ಲವನ್ನೂ ಹೇಳಿ. ರಕ್ತಸಂಬಂಧದ ಮದುವೆಯಾಗಿದ್ದರೆ ಸಂಕೋಚವಿಲ್ಲದೆ ತಿಳಿಸಿ. ಹಿಂದೆ ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗುವಿದ್ದರೆ ಅದನ್ನೂ ಹೇಳಿ. ಮಗುವಿನ ಹಳೆಯ ಮತ್ತು ಹೊಸ ನೋಟ್‌ಪುಸ್ತಕ ಒಯ್ಯಿರಿ. ಅಕ್ಷರ ಯಾವಾಗ ಕೆಡಲಾರಂಭಿಸಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ರೋಗ ಖಚಿತವಾದ ಮೇಲೆ

ಮೊದಲನೆಯದಾಗಿ ಒಡಹುಟ್ಟಿದವರ ಪರೀಕ್ಷೆ. ವಿಲ್ಸನ್ ಕಾಯಿಲೆಯಲ್ಲಂತೂ ಇದನ್ನು ಮರೆಯಲೇಬಾರದು. ಆಡಿಕೊಂಡಿರುವ ತಂಗಿಗೂ ನಾಲ್ಕರಲ್ಲಿ ಒಂದು ಸಂಭವ ಇದೆ. ಲಕ್ಷಣ ಬರುವ ಮೊದಲೇ ಔಷಧಿ ಶುರುಮಾಡಿದರೆ ಆಕೆಗೆ ರೋಗ ಬಾಧಿಸದಂತೆ ತಡೆಯಬಹುದು. ಕುಟುಂಬದ ವಂಶವಾಹಿ ದೋಷ ಯಾವುದೆಂದು ಗೊತ್ತಾಗಿದ್ದರೆ, ಮುಂದಿನ ಬಸಿರಿನಲ್ಲಿ ಸುಮಾರು 11 ವಾರಕ್ಕೆ ಗರ್ಭದ ಪರೀಕ್ಷೆ ಸಾಧ್ಯ. ಅದಕ್ಕೆ ಬಸಿರಾಗುವ ಮೊದಲೇ ತಳಿವೈದ್ಯರನ್ನು ಕಾಣಬೇಕು.

ಎರಡನೆಯದಾಗಿ ನೆರವು. ಅಪರೂಪದ ರೋಗಗಳ 2021ರ ರಾಷ್ಟ್ರೀಯ ನೀತಿಯ ಪ್ರಕಾರ, ಪಟ್ಟಿಯಲ್ಲಿರುವ ರೋಗಗಳ ಚಿಕಿತ್ಸೆಗೆ ಕೇಂದ್ರ ಸರ್ಕಾರ ನೆರವು ಕೊಡುತ್ತದೆ. 2022ರಲ್ಲಿ ಅದರ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಗುರುತಿಸಿದ ಕೇಂದ್ರಗಳ ಮೂಲಕವೇ ಇದನ್ನು ಪಡೆಯಬೇಕು. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅಂಥ ಕೇಂದ್ರವಾಗಿವೆ.

ಮೂರನೆಯದು ಉಳಿದಿರುವ ನೋಟದ ಆರೈಕೆ. ರೋಗ ಗುಣವಾಗುವುದಿಲ್ಲ ಎಂದಾಕ್ಷಣ ಕಣ್ಣನ್ನು ಕಡೆಗಣಿಸಬೇಕಾಗಿಲ್ಲ. ಇಂಥ ಮಗುವಿಗೂ ಸಾಧಾರಣ ದೃಷ್ಟಿದೋಷ ಇರಬಹುದು. ಅದಕ್ಕೆ ಕನ್ನಡಕ ಕೊಟ್ಟರೆ ಇರುವ ಅಲ್ಪ ನೋಟವೂ ಉಪಯೋಗಕ್ಕೆ ಬರುತ್ತದೆ. ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣು ಒಣಗಿ ಹುಣ್ಣಾಗುತ್ತದೆ. ವೈದ್ಯರು ಹೇಳಿದ ಹನಿ ಅಥವಾ ಮುಲಾಮು ತಪ್ಪಿಸಬಾರದು. ಎಣ್ಣೆ, ಜೇನುತುಪ್ಪ, ಸೊಪ್ಪಿನ ರಸ ಕಣ್ಣಿಗೆ ಬಿಡಬೇಡಿ. ಬಿಳಿಯ ತಟ್ಟೆಯಲ್ಲಿ ಬಿಳಿಯ ಅನ್ನ ಮಗುವಿಗೆ ಕಾಣದು, ಗಾಢ ಬಣ್ಣದ ತಟ್ಟೆಯಲ್ಲಿ ಬಡಿಸಿ. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿಯಿರಿ. ಮನೆಯ ಸಾಮಾನುಗಳನ್ನು ಜಾಗ ಬದಲಿಸದೆ ಇಡಿ. ಹತ್ತಿರ ಬಂದಾಗ ಮೊದಲು ಹೆಸರು ಹಿಡಿದು ಕರೆಯಿರಿ, ಆಮೇಲೆ ಮುಟ್ಟಿ. ನೋಟ ಹೋಗುವುದು ಖಚಿತವೆಂದು ಗೊತ್ತಿದ್ದರೆ ಬ್ರೈಲ್ ಲಿಪಿಯನ್ನು, ಹಾಡುಗಳನ್ನು, ಮನೆಯ ದಾರಿಯನ್ನು ನೆನಪಿನ ಶಕ್ತಿ ಚೆನ್ನಾಗಿರುವಾಗಲೇ ಕಲಿಸಿಬಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಂದದೃಷ್ಟಿ, ಕುರುಡುತನ ಮತ್ತು ದೀರ್ಘಕಾಲದ ನರರೋಗಗಳು ಸೇರಿವೆ. ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಶಾಲೆಯ ಮೇಷ್ಟ್ರು, ಟೀಚರುಗಳಿಗೂ ಒಂದು ಮಾತು. ನಿನ್ನೆಯವರೆಗೆ ಚೆನ್ನಾಗಿ ಬರೆಯುತ್ತಿದ್ದ ಮಗು ಇಂದು ಕೆಟ್ಟದಾಗಿ ಬರೆದರೆ, ಸಾಲು ತಪ್ಪಿ ಓದಿದರೆ, ಬೆತ್ತ ಎತ್ತುವ ಮೊದಲು ತಂದೆ-ತಾಯಿಯರನ್ನು ಕರೆಸಿ, ಆಸ್ಪತ್ರೆಗೆ ತೋರಿಸಲು ಹೇಳಿ. ಹತ್ತು ನಿಮಿಷದ ಸ್ಲಿಟ್ ಲ್ಯಾಂಪ್ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಸಂತೋಷ. ಉಂಗುರವೊಂದು ಸಿಕ್ಕಿದರೆ, ಆ ಮಗುವಿನ ಇಡೀ ಬಾಳನ್ನು ನೀವು ಉಳಿಸಿಕೊಟ್ಟಂತೆ.